ಮಗುವನ್ನು ನಮ್ಮ ತೊಡೆಗೆ ಕೊಡಬೇಡ

ಐದು ತಿಂಗಳು ತುಂಬುತ್ತಲೇ ಮಗುವನ್ನು ಕರೆದುಕೊಂಡು ಹಾಸನದಿಂದ ಬೆಂಗಳೂರಿಗೆ ಹೊರಡುತ್ತೀಯೆಂದು ನಿಮ್ಮಮ್ಮ ಹೇಳಿದಳು. ಒಳ್ಳೆಯ ದಿನ ನೋಡುವ ಕೆಲಸ ಆಗಲೇ ಶುರುವಾಗಿದೆ. ಮಂಗಳವಾರ ಬೇಡ, ಶುಕ್ರವಾರ ಮನೆಮಗಳನ್ನು ಕಳಿಸುವ ಹಾಗಿಲ್ಲ, ರಾಹುಕಾಲಕ್ಕೆ ಮುಂಚೆ ಹೊಸಿಲು ದಾಟಬೇಕು. ಕಾರಿನ ಚಕ್ರಕ್ಕೆ ನಿಂಬೆಹಣ್ಣು, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು. ಇವೆಲ್ಲ ಆಗಲಿ, ನನ್ನ ತಕರಾರಿಲ್ಲ. ಆದರೆ ಕಾರಿನ ಬಾಗಿಲು ತೆಗೆದ ಕೂಡಲೇ ಹಿಂದಿನ ಸೀಟಿನಿಂದ ನಾಲ್ಕು ಕೈ ಮುಂದೆ ಬರುತ್ತವೆ. "ಕೊಡೇ ಇಲ್ಲಿ, ನನ್ನ ತೊಡೆ ಮೇಲೆ ಮಲಗಿಸ್ಕೋತೀನಿ" ಅನ್ನುತ್ತಾಳೆ ನಿಮ್ಮಮ್ಮ. ನಿಮ್ಮತ್ತೆಗೂ ಅದೇ ಆಸೆ. ನಾನಿದ್ದರೆ ನನ್ನ ಕೈಯೂ ಮುಂದೆ ಬರುತ್ತದೆ. ಆ ಹೊತ್ತಿಗೆ ಏನು ಮಾಡಬೇಕೆಂದು ಈಗಲೇ ಹೇಳುತ್ತೇನೆ, ಕೇಳಿಸಿಕೊ. ಯಾರಿಗೂ ಕೊಡಬೇಡ. ನೀನೂ ಎತ್ತಿಕೊಂಡು ಕೂರಬೇಡ.

ಮಗುವಿಗೆ ಎಣ್ಣೆ ಯಾವಾಗ ಹಚ್ಚಬೇಕು, ಬಜೆ ಯಾವಾಗ ತೇಯಬೇಕು ಎಂಬುದಕ್ಕೆಲ್ಲ ಹಿರಿಯರ ಹತ್ತಿರ ಅನುಭವವಿದೆ, ಕೇಳಿದರೂ ಬಿಟ್ಟರೂ ಅದರಿಂದ ಪ್ರಾಣಕ್ಕೇನೂ ತೊಂದರೆಯಿಲ್ಲ. (ಬಜೆಯ ವಿಷಯ ಮಾತ್ರ ಡಾಕ್ಟರನ್ನು ಕೇಳಿಯೇ ಮಾಡು.) ನೂರು ಕಿಲೋಮೀಟರ್ ವೇಗದಲ್ಲಿ ಓಡುವ ಕಾರಿನಲ್ಲಿ ಮಗುವನ್ನು ಹೇಗೆ ಕೂರಿಸಬೇಕು ಎಂಬುದರ ಅನುಭವ ನಮ್ಮ ತಲೆಮಾರಿಗೆ ಇಲ್ಲ. ನಾವು ಬಾಣಂತಿಯರಾಗಿದ್ದಾಗ ಹೋದದ್ದು ಬಸ್ಸಿನಲ್ಲಿ, ಹೆಚ್ಚೆಂದರೆ ಬಾಡಿಗೆಯ ಅಂಬಾಸಿಡರ್‌ನಲ್ಲಿ. ಒಂದು ಸಾಲಿನ ರಸ್ತೆ, ಎದುರಿಗೆ ಎತ್ತಿನಗಾಡಿ, ನಲವತ್ತು ದಾಟಿದರೆ ಡ್ರೈವರನ್ನು ಗದರಿಸುತ್ತಿದ್ದರು. ಈಗ ಅದೇ ಹೆದ್ದಾರಿ ನಾಲ್ಕು ಪಥವಾಗಿ ಕಾರುಗಳು ಹಾರುತ್ತಿವೆ. "ನಾವೆಲ್ಲ ಹಾಗೇ ಬೆಳೀಲಿಲ್ವಾ?" ಎಂದು ಯಾರಾದರೂ ಕೇಳಿದರೆ ಸುಮ್ಮನಿರು. ಬದುಕಿ ಉಳಿದವರು ಮಾತ್ರ ಬಂದು ಆ ವಾದ ಮಾಡುತ್ತಾರೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಒಂಬತ್ತನೇ ಕ್ಲಾಸಿನ ಜಡತ್ವದ ಪಾಠ ನಿನಗೂ ನೆನಪಿರಬೇಕು. ಬಸ್ಸು ಬ್ರೇಕ್ ಹಾಕಿದರೆ ನಿಂತವರು ಮುಂದಕ್ಕೆ ವಾಲುತ್ತಾರೆ ಎಂದು ಬರೆದು ಎರಡು ಅಂಕ ತೆಗೆದುಕೊಳ್ಳುತ್ತಿದ್ದಿರಿ. ಆ ಪಾಠವನ್ನು ಈಗ ನಿನ್ನ ಮಗುವಿಗೆ ಹಾಕಿ ನೋಡೋಣ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಹತ್ತಿರಹತ್ತಿರ 14 ಮೀಟರ್. ಕಾರು ಏನಕ್ಕಾದರೂ ಗುದ್ದಿದರೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಆ ವೇಗ ಸೊನ್ನೆಗೆ ಇಳಿಯುತ್ತದೆ. ಕಾರು ನಿಂತಿತು, ಒಳಗಿದ್ದವರು ನಿಂತಿಲ್ಲ. ಅವರನ್ನು ಯಾವುದೋ ಒಂದು ತಡೆದು ನಿಲ್ಲಿಸಬೇಕು. ಅಷ್ಟು ಹೊತ್ತಿನಲ್ಲಿ ನಿಲ್ಲಿಸಬೇಕಾದರೆ ವಸ್ತುವಿನ ತೂಕದ ಹದಿನಾಲ್ಕು ಪಟ್ಟು ಬಲ ಬೇಕು. ನಿನ್ನ ಮಗು ಈಗ ಏಳು ಕೆಜಿ ಇದ್ದೀತು. ಏಳು ಹದಿನಾಲ್ಕಲೆ ತೊಂಬತ್ತೆಂಟು. ಒಂದು ಕ್ವಿಂಟಲ್ ಅಕ್ಕಿಯ ಮೂಟೆ ನಿನ್ನ ತೋಳಿನಿಂದ ಒಮ್ಮೆಲೇ ಮುಂದಕ್ಕೆ ಹಾರಿದರೆ ಹಿಡಿದುಕೊಳ್ಳಬಲ್ಲೆಯಾ? ಅದೂ ಎಚ್ಚರಿಕೆಯಿಲ್ಲದೆ, ಬಹುಶಃ ತೂಕಡಿಸುತ್ತಿರುವಾಗ? ಇದು ಸರಾಸರಿ ಲೆಕ್ಕ. ಹೊಡೆತದ ತುತ್ತತುದಿಯಲ್ಲಿ ಇದಕ್ಕಿಂತ ಹೆಚ್ಚೇ ಇರುತ್ತದೆ. ತಾಯಿಯ ಪ್ರೀತಿಗೂ ತೋಳಿನ ಬಲಕ್ಕೂ ಇಲ್ಲಿ ಸಂಬಂಧವೇ ಇಲ್ಲ. ಪೈಲ್ವಾನನ ಕೈಯಲ್ಲೂ ಮಗು ನಿಲ್ಲುವುದಿಲ್ಲ.

ಇನ್ನೊಂದು ಲೆಕ್ಕ. ಐವತ್ತರ ವೇಗದಲ್ಲಿ ಗುದ್ದುವುದು ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮನೆಯ ತಾರಸಿಯಿಂದ ಕೆಳಗೆ ಬೀಳುವುದಕ್ಕೆ ಸಮ. ವೇಗ ಇಮ್ಮಡಿಯಾದರೆ ಎತ್ತರ ನಾಲ್ಮಡಿಯಾಗುತ್ತದೆ. ತಾರಸಿಯ ಅಂಚಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತರೆ ನಿಮ್ಮತ್ತೆ ಕಿರುಚಿಬಿಡುತ್ತಾರೆ. ಕುಣಿಗಲ್ ಬೈಪಾಸಿನಲ್ಲಿ ನೂರರ ವೇಗದಲ್ಲಿ ಮಗು ತೊಡೆಯ ಮೇಲಿದ್ದರೆ ಅವರೇ ಲಾಲಿ ಹಾಡುತ್ತಾರೆ. ಅವರ ತಪ್ಪಲ್ಲ, ಎತ್ತರ ಕಣ್ಣಿಗೆ ಕಾಣುತ್ತದೆ, ವೇಗ ಕಾಣುವುದಿಲ್ಲ.

ಎತ್ತಿಕೊಂಡವರು ಬೆಲ್ಟ್ ಹಾಕಿಕೊಂಡಿದ್ದರೆ ಮಗು ಹಾರಿಹೋಗುತ್ತದೆ. ಹಾಕಿಕೊಂಡಿಲ್ಲದಿದ್ದರೆ ಅರವತ್ತು ಕೆಜಿಯ ಅವರ ಮೈ ಎಂಟುನೂರು ಕೆಜಿಯ ಹೊರೆಯಾಗಿ, ಮಗುವನ್ನು ಮುಂದಿನ ಸೀಟಿನ ಬೆನ್ನಿಗೆ ಒತ್ತುತ್ತದೆ. ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕಿಕೊಳ್ಳುವ ಜಾಣರೂ ಇದ್ದಾರೆ. ಅಲ್ಲೂ ಅದೇ ಕತೆ, ಮಗು ಬೆಲ್ಟಿಗೂ ದೊಡ್ಡವರ ಮೈಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಮಗುವಿಗೆ ಅದರದೇ ಸೀಟು, ಅದರದೇ ಪಟ್ಟಿ. ಬೇರೆ ದಾರಿಯಿಲ್ಲ ಕಣಮ್ಮ.

ಕಾರಿನಲ್ಲಿ ಈಗಿರುವ ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ಎಂಬ ಎಂಜಿನಿಯರ್ ರೂಪಿಸಿದ. ಅದು ದೊಡ್ಡವರ ಅಳತೆಯದು. ಸೊಂಟದ ಮೂಳೆ, ಎದೆಗೂಡು, ಭುಜ, ಹೀಗೆ ಮೈಯ ಗಟ್ಟಿ ಜಾಗಗಳ ಮೇಲೆ ಅದು ಕೂರಬೇಕು. ಮಕ್ಕಳಲ್ಲಿ ಆ ಗಟ್ಟಿ ಜಾಗಗಳೇ ಇನ್ನೂ ಬಲಿತಿರುವುದಿಲ್ಲ. ಸೊಂಟದ ಮೂಳೆಯ ಅಂಚು ಮೂಡದ ಮಗುವಿಗೆ ದೊಡ್ಡವರ ಬೆಲ್ಟ್ ಹಾಕಿದರೆ ಅದು ಹೊಟ್ಟೆಯ ಮೇಲಕ್ಕೆ ಜಾರಿ ಕರುಳಿಗೆ ಒತ್ತುತ್ತದೆ, ಮೇಲಿನ ಪಟ್ಟಿ ಕುತ್ತಿಗೆಗೆ ಬರುತ್ತದೆ. ಹಸುಗೂಸಿನ ವಿಷಯ ಇನ್ನೂ ನಾಜೂಕು. ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ನಮ್ಮಲ್ಲಿ ಅದು ಏಳೆಂಟರಲ್ಲಿ ಒಂದು ಭಾಗ. ಅಷ್ಟು ಭಾರದ ತಲೆಯನ್ನು ಹೊತ್ತ ಕುತ್ತಿಗೆಯ ಮೂಳೆಗಳು ಇನ್ನೂ ಬಹುಪಾಲು ಮೃದು. ಮಗು ಮುಂದಕ್ಕೆ ಮುಖ ಮಾಡಿ ಕೂತಿದ್ದಾಗ ಕಾರು ಗುದ್ದಿದರೆ ಪಟ್ಟಿ ಎದೆಯನ್ನು ಹಿಡಿಯುತ್ತದೆ, ತಲೆ ಮಾತ್ರ ಮುಂದಕ್ಕೆ ಎಸೆದುಕೊಳ್ಳುತ್ತದೆ. ಎಳೆಯ ಕುತ್ತಿಗೆ ಅದನ್ನು ತಾಳುವುದಿಲ್ಲ.

ಇದಕ್ಕೆ ಉತ್ತರ ಕಂಡವನು ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯ. ಅಮೆರಿಕದ ಜೆಮಿನಿ ಗಗನಯಾತ್ರಿಗಳು ರಾಕೆಟ್ ಮೇಲೇಳುವಾಗ ಬೆನ್ನು ಕೆಳಗಾಗಿ ಮಲಗುವ ಏರ್ಪಾಡಿತ್ತು. ಒತ್ತಡವೆಲ್ಲ ಬೆನ್ನಿನ ಉದ್ದಕ್ಕೂ ಹಂಚಿಹೋಗುತ್ತದೆ. ಅದನ್ನು ಗಮನಿಸಿದ ಆಲ್ಡ್‌ಮನ್, ಮಗುವನ್ನು ಕಾರಿನ ಹಿಂಬದಿಗೆ ಮುಖ ಮಾಡಿ ಕೂರಿಸಿದರೂ ಹೀಗೇ ಆಗುತ್ತದಲ್ಲ ಎಂದು ಯೋಚಿಸಿ 1964ರಲ್ಲಿ ಅಂಥ ಸೀಟಿನ ಮಾದರಿಯನ್ನು ವೋಲ್ವೋ ಕಾರಿನಲ್ಲಿ ಪರೀಕ್ಷಿಸಿದ. ಮುಂದಿನಿಂದ ಗುದ್ದಿದಾಗ ಹಿಂದಕ್ಕೆ ಮುಖ ಮಾಡಿದ ಮಗುವಿನ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒರಗಿಕೊಳ್ಳುತ್ತವೆ. ಇಷ್ಟೇ ಉಪಾಯ. ಇವತ್ತಿಗೂ ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೆ ಮಕ್ಕಳನ್ನು ಹಾಗೇ ಕೂರಿಸುವುದು ರೂಢಿ. ಯುರೋಪಿನಲ್ಲಿ ಬಳಕೆಯಲ್ಲಿರುವ ಆರ್ 129 ಎಂಬ ವಿಶ್ವಸಂಸ್ಥೆಯ ನಿಯಮ ಹದಿನೈದು ತಿಂಗಳು ತುಂಬುವ ತನಕ ಹಿಂದಕ್ಕೇ ಮುಖವಿರಬೇಕು ಎನ್ನುತ್ತದೆ. ನೀನು ಹದಿನೈದಕ್ಕೇ ನಿಲ್ಲಿಸಬೇಕಾಗಿಲ್ಲ. ಸೀಟಿನ ಮೇಲೆ ಬರೆದಿರುವ ತೂಕ, ಎತ್ತರದ ಮಿತಿ ಮುಟ್ಟುವವರೆಗೆ ಹಾಗೇ ಇರಲಿ. "ಪಾಪ, ಅದಕ್ಕೆ ರಸ್ತೆ ಕಾಣಲ್ಲ, ಕಾಲು ಮಡಚ್ಕೊಂಡಿದೆ" ಅನ್ನುತ್ತಾರೆ. ಮಕ್ಕಳು ನೆಲದ ಮೇಲೂ ಕಾಲು ಮಡಚಿಕೊಂಡೇ ಕೂರುತ್ತವೆ, ಅವಕ್ಕೇನೂ ನೋಯುವುದಿಲ್ಲ.

ಈ ಸೀಟನ್ನು ಮುಂದಿನ ಸೀಟಿನಲ್ಲಿ, ಏರ್‌ಬ್ಯಾಗಿನ ಎದುರು ಇಡಲೇಬಾರದು. ಅಳಿಯಂದಿರಿಗೆ ಇದನ್ನು ಎರಡು ಸಲ ಹೇಳು. ಏರ್‌ಬ್ಯಾಗ್ ಸಿನಿಮಾದಲ್ಲಿ ಕಾಣುವ ದಿಂಬಿನಂತೆ ಮೆತ್ತಗೆ ಬರುವುದಿಲ್ಲ. ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ, ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಸಿಡಿದು ಹೊರಬರುತ್ತದೆ. ಬೆಲ್ಟ್ ಹಾಕಿಕೊಂಡು ಹಿಂದಕ್ಕೆ ಒರಗಿ ಕೂತ ದೊಡ್ಡವರಿಗಾಗಿ ಮಾಡಿದ್ದು ಅದು. 2024ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮುಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲಿದ್ದ ಎರಡು ವರ್ಷದ ಕೂಸು ಏರ್‌ಬ್ಯಾಗ್ ಬಿಚ್ಚಿಕೊಂಡು ಹೋಗಿಬಿಟ್ಟಿತು. ಅದೇ ವರ್ಷದ ಕೊನೆಗೆ ನವಿ ಮುಂಬೈಯಲ್ಲಿ ಮುಂದೆ ಕೂತಿದ್ದ ಆರು ವರ್ಷದ ಹುಡುಗನಿಗೂ ಹೀಗೇ ಆಯಿತು. ಎರಡೂ ಕಡೆ ಕಾರಿನಲ್ಲಿದ್ದ ದೊಡ್ಡವರು ಬದುಕಿದರು. ನಮ್ಮ ದೇಶದ ಹೊಸ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾಗಿ ಕೆಲವು ವರ್ಷಗಳಾದವು, ನಮ್ಮ ಅಭ್ಯಾಸ ಮಾತ್ರ ಏರ್‌ಬ್ಯಾಗ್ ಇಲ್ಲದ ಕಾಲದ್ದು. ಮಗು ಹಿಂದೆಯೇ ಕೂರಲಿ. ಎಡಗಡೆ, ಅಂದರೆ ಫುಟ್‌ಪಾತಿನ ಬದಿಯಲ್ಲಿ ಸೀಟು ಕಟ್ಟಿದರೆ ಇಳಿಸುವುದೂ ಸಲೀಸು, ವಾಹನಗಳ ಭಯವೂ ಇಲ್ಲ.

ಸೀಟು ಕೊಳ್ಳುವ ಮಾತಿಗೆ ಬರುತ್ತೇನೆ. ಐದಾರು ಸಾವಿರದಿಂದ ಶುರುವಾಗಿ ಮೂವತ್ತು ಸಾವಿರ ದಾಟಿಯೂ ಹೋಗುತ್ತದೆ. "ಎರಡು ವರ್ಷಕ್ಕೆ ಇಷ್ಟು ದುಡ್ಡಾ?" ಎಂದು ಬೀಗರ ಮನೆಯಲ್ಲಿ ಯಾರಾದರೂ ಅಂದಾರು. ಕಾರಿಗೆ ಅಲಾಯ್ ವೀಲು, ಸ್ಪೀಕರು, ಲೆದರ್ ಸೀಟ್ ಕವರು ಹಾಕಿಸುವಾಗ ಈ ಪ್ರಶ್ನೆ ಏಳಲಿಲ್ಲವಲ್ಲ. ನಾಮಕರಣಕ್ಕೆ ಬಂದ ಬೆಳ್ಳಿ ಲೋಟ, ಗಿಲಕಿಗಳ ಲೆಕ್ಕ ಹಾಕು. ಆ ದುಡ್ಡಿನಲ್ಲಿ ಒಳ್ಳೆಯ ಸೀಟೇ ಬರುತ್ತಿತ್ತು. ನನ್ನ ಪಾಲಿನ ಉಡುಗೊರೆ ಇನ್ನೂ ಬಾಕಿಯಿದೆ, ಅದನ್ನು ಇದಕ್ಕೇ ಹಾಕಿಕೊ.

ಬೆಲೆಗಿಂತ ಮುಖ್ಯವಾಗಿ ನೋಡಬೇಕಾದ್ದು ಎರಡು. ಸೀಟಿನ ಮೇಲೆ ಪರೀಕ್ಷೆಯಾದ ಗುರುತಿನ ಚೀಟಿ ಇದೆಯೇ? ನಮ್ಮ ದೇಶದ ಮಾನದಂಡ ಎಐಎಸ್ 072. ಯುರೋಪಿನ ಮಾದರಿಯವಾದರೆ ಕಿತ್ತಳೆ ಬಣ್ಣದ ಚೀಟಿಯಲ್ಲಿ ವೃತ್ತದೊಳಗೆ ಇ ಅಕ್ಷರ, ಜೊತೆಗೆ ಆರ್ 44 ಅಥವಾ ಆರ್ 129 ಎಂದಿರುತ್ತದೆ. ಎರಡರಲ್ಲಿ 129 ಹೊಸದು. ಯಾವ ಗುರುತೂ ಇಲ್ಲದ, ಬರೀ ಬಟ್ಟೆ ಮತ್ತು ಪಟ್ಟಿ ಹೊಲಿದ ದಿಂಬಿನಂಥ ಸೀಟುಗಳನ್ನು ಅಗ್ಗಕ್ಕೆ ಮಾರುತ್ತಾರೆ, ಅವನ್ನು ಮುಟ್ಟಬೇಡ. ಇನ್ನೊಂದು, ಅದು ನಿಮ್ಮ ಕಾರಿಗೆ ಹೊಂದುತ್ತದೆಯೇ? ಈಚಿನ ಬಹಳಷ್ಟು ಕಾರುಗಳಲ್ಲಿ ಹಿಂದಿನ ಸೀಟಿನ ಬೆನ್ನೂ ಕೂರುವ ಜಾಗವೂ ಸೇರುವ ಸಂದಿಯಲ್ಲಿ ಐಸೋಫಿಕ್ಸ್ ಎಂಬ ಎರಡು ಕಬ್ಬಿಣದ ಕೊಂಡಿಗಳಿರುತ್ತವೆ. ಸೀಟಿನ ಕಾಲನ್ನು ಅದಕ್ಕೆ ಕ್ಲಿಕ್ ಎಂದು ಸಿಕ್ಕಿಸಿದರೆ ಆಯಿತು. ಅದಿಲ್ಲದ ಕಾರಿನಲ್ಲಿ ಕಾರಿನ ಬೆಲ್ಟಿನಿಂದಲೇ ಬಿಗಿಯಬಹುದು, ಕೈ ಪಳಗಬೇಕು ಅಷ್ಟೆ. ಯಾರದೋ ಮನೆಯ ಹಳೆಯ ಸೀಟು ಪುಕ್ಕಟೆ ಸಿಕ್ಕಿತೆಂದು ತಂದುಕೊಳ್ಳಬೇಡ. ಒಮ್ಮೆ ಅಪಘಾತ ಕಂಡ ಸೀಟು ಹೊರಗೆ ಚೆನ್ನಾಗಿದ್ದರೂ ಒಳಗೆ ಬಿರುಕುಬಿಟ್ಟಿರಬಹುದು, ಪ್ಲಾಸ್ಟಿಕ್ಕಿಗೂ ಆಯುಸ್ಸಿದೆ. ಅಕ್ಕನ ಮಗುವಿನದು, ಚರಿತ್ರೆ ಪೂರ್ತಿ ಗೊತ್ತು, ಮೇಲೆ ಬರೆದ ಅವಧಿ ಮುಗಿದಿಲ್ಲ ಎಂದಾದರೆ ಧಾರಾಳವಾಗಿ ಬಳಸು.

ಅಳಿಯಂದಿರು ತಮ್ಮ ಕಾರಿಗೆ ಐದು ಸ್ಟಾರ್ ಬಂದಿದೆ ಎಂದು ಹೆಮ್ಮೆಪಡುತ್ತಾರೆ. ಸಂತೋಷ. 2023ರ ಅಕ್ಟೋಬರಿನಿಂದ ನಮ್ಮ ದೇಶದ್ದೇ ಭಾರತ್ ಎನ್‌ಸಿಎಪಿ ಎಂಬ ಪರೀಕ್ಷೆ ನಡೆಯುತ್ತಿದೆ. ದೊಡ್ಡವರಿಗೆ ಬೇರೆ ಸ್ಟಾರ್, ಮಕ್ಕಳಿಗೆ ಬೇರೆ ಸ್ಟಾರ್. ಮಕ್ಕಳ ಸ್ಟಾರ್ ಹೇಗೆ ಬರುತ್ತದೆ ಗೊತ್ತೇ? ಮಗುವಿನ ಗಾತ್ರದ ಬೊಂಬೆಯನ್ನು ಮಕ್ಕಳ ಸೀಟಿನಲ್ಲಿ ಸರಿಯಾಗಿ ಕಟ್ಟಿ, ಕಾರನ್ನು ಗುದ್ದಿಸಿ ನೋಡುತ್ತಾರೆ. ಅಜ್ಜಿಯ ತೊಡೆಯ ಮೇಲೆ ಬೊಂಬೆ ಕೂರಿಸಿ ಯಾರೂ ಸ್ಟಾರ್ ಕೊಟ್ಟಿಲ್ಲ. ಸೀಟಿಲ್ಲದ ಕಾರಿನಲ್ಲಿ ನಿನ್ನ ಮಗುವಿನ ಪಾಲಿಗೆ ಆ ಐದು ಸ್ಟಾರ್ ಬರೀ ಸ್ಟಿಕ್ಕರ್.

ಸೀಟು ಮನೆಗೆ ಬಂದ ಮೇಲೆ ಕಟ್ಟುವುದನ್ನು ಹೊರಡುವ ದಿನಕ್ಕೆ ಇಟ್ಟುಕೊಳ್ಳಬೇಡಿ. ಆರತಿ, ಕಣ್ಣೀರು, ಗಡಿಬಿಡಿಯ ನಡುವೆ ಆ ಕೆಲಸ ಆಗುವುದಿಲ್ಲ. ಒಂದು ಭಾನುವಾರ ಇಬ್ಬರೂ ಕೂತು ಪುಸ್ತಕ ನೋಡಿಕೊಂಡು ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ. ಮೊದಲು ಕಾರಿನ ಸೀಟ್ ಕವರ್ ಎತ್ತಿ ನೋಡಿ; ನಮ್ಮಲ್ಲಿ ಹೊಸ ಕಾರಿಗೆ ಕವರ್ ಹೊಲಿಸುವವರು ಹಿಂದಿನ ಬೆಲ್ಟಿನ ಬಕಲ್‌ಗಳನ್ನೆಲ್ಲ ಅದರ ಕೆಳಗೆ ಹೂತುಬಿಟ್ಟಿರುತ್ತಾರೆ. ಸೀಟು ಕಟ್ಟಿದ ಮೇಲೆ, ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಅಲುಗಬಾರದು. ಹಿಂದಕ್ಕೆ ಮುಖ ಮಾಡಿದ ಮಗುವಿನ ಭುಜದ ಪಟ್ಟಿ ಭುಜದ ಮಟ್ಟಕ್ಕೆ ಅಥವಾ ಕೊಂಚ ಕೆಳಗಿನಿಂದ ಬರಬೇಕು. ಮುಂದೆ ದೊಡ್ಡದಾಗಿ ಮುಂದಕ್ಕೆ ತಿರುಗಿಸಿದಾಗ ಭುಜದ ಮಟ್ಟಕ್ಕೆ ಅಥವಾ ಕೊಂಚ ಮೇಲಿನಿಂದ. ಪಟ್ಟಿ ಬಿಗಿಯಾಗಿದೆಯೇ ಎಂದು ತಿಳಿಯುವುದು ಸುಲಭ: ಕೊರಳೆಲುಬಿನ ಹತ್ತಿರ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಿ ನೋಡು. ಮಡಿಕೆ ಸಿಕ್ಕಿದರೆ ಸಡಿಲ, ಬೆರಳು ಜಾರಿದರೆ ಸರಿ.

ಇಲ್ಲಿ ನಮ್ಮ ಬಾಣಂತನದ ರೂಢಿ ಅಡ್ಡ ಬರುತ್ತದೆ. ಹಾಸನದ ಚಳಿಗೆಂದು ಕುಲಾವಿ, ಸ್ವೆಟರು, ಅದರ ಮೇಲೆ ಫ್ಲಾನಲ್ ಬಟ್ಟೆಯಲ್ಲಿ ಸುತ್ತಿ ಕೊಡುತ್ತಾರೆ. ಸುತ್ತಿದ ಮಗುವಿಗೆ ಕಾಲಿನ ನಡುವಿನ ಪಟ್ಟಿ ಹಾಕಲಾಗುವುದಿಲ್ಲ. ದಪ್ಪ ಸ್ವೆಟರಿನ ಮೇಲೆ ಬಿಗಿದ ಪಟ್ಟಿ ಬಿಗಿಯಾದಂತೆ ಕಾಣುತ್ತದೆ, ಗುದ್ದಿದಾಗ ಉಣ್ಣೆಯೆಲ್ಲ ಅಮುಕಿಹೋಗಿ ಮಗು ನುಸುಳಿಬಿಡುತ್ತದೆ. ತೆಳು ಬಟ್ಟೆಯಲ್ಲಿ ಕೂರಿಸಿ, ಪಟ್ಟಿ ಬಿಗಿದು, ಆಮೇಲೆ ಎದೆಯವರೆಗೆ ಹೊದಿಕೆ ಹೊದಿಸು. ಸೀಟಿನ ಓರೆಯನ್ನೂ ನೋಡಿಕೊ. ತೀರ ನೆಟ್ಟಗಿದ್ದರೆ ಎಳೆಗೂಸಿನ ಗದ್ದ ಎದೆಗೆ ಬಿದ್ದು ಉಸಿರಿಗೆ ತೊಂದರೆಯಾಗುತ್ತದೆ. ಸೀಟಿನ ಪಕ್ಕದಲ್ಲೇ ಅದಕ್ಕೊಂದು ಗೆರೆಯೋ ಗುರುತೋ ಇರುತ್ತದೆ. ಅದೇ ಕಾರಣಕ್ಕೆ ಒಂದೇ ಸಮನೆ ಎರಡು ಗಂಟೆ ಮೀರಿ ಕೂರಿಸಬೇಡ, ಮನೆಗೆ ಹೋದ ಮೇಲೆ ಅದೇ ಸೀಟಿನಲ್ಲಿ ಮಲಗಿಸಿ ಬಿಡುವುದೂ ಬೇಡ.

ಹಾಸನದಿಂದ ಬೆಂಗಳೂರು 180 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಚನ್ನರಾಯಪಟ್ಟಣದಲ್ಲೋ ಬೆಳ್ಳೂರು ಕ್ರಾಸಿನಲ್ಲೋ ಒಮ್ಮೆ, ಕುಣಿಗಲ್ ದಾಟಿ ಇನ್ನೊಮ್ಮೆ ನಿಲ್ಲಿಸಿ. ಹಾಲು ಕುಡಿಸುವುದು ನಿಂತ ಕಾರಿನಲ್ಲಿ ಮಾತ್ರ. "ಓಡ್ತಾ ಇರಲಿ, ಸೆರಗು ಮುಚ್ಕೊಂಡು ಕುಡಿಸ್ಬಿಡು, ಟೈಮ್ ಉಳಿಯತ್ತೆ" ಎಂಬ ಸಲಹೆ ಖಂಡಿತ ಬರುತ್ತದೆ. ಉಳಿದ ಟೈಮನ್ನು ಬೆಂಗಳೂರಿನ ಟ್ರಾಫಿಕ್ಕಿಗೆ ಹಾಕಬೇಕು, ಅಷ್ಟೇ ತಾನೆ? ನಿಲ್ಲಿಸಿದಾಗ ಎಲ್ಲರೂ ಕಾಫಿಗೆಂದು ಇಳಿದು ನಿದ್ದೆಯಲ್ಲಿರುವ ಮಗುವನ್ನು ಒಳಗೇ ಬಿಡುವುದು ಬೇಡವೇ ಬೇಡ. ಬಿಸಿಲಿನಲ್ಲಿ ಮುಚ್ಚಿದ ಕಾರಿನ ಶಾಖ ಹತ್ತು ನಿಮಿಷಕ್ಕೆ ಹತ್ತು ಡಿಗ್ರಿಯಷ್ಟು ಏರಬಲ್ಲದು, ಮಕ್ಕಳ ಮೈ ನಮಗಿಂತ ಬಹಳ ಬೇಗ ಕಾಯುತ್ತದೆ.

ತವರಿನಿಂದ ಹೊರಡುವ ಕಾರಿನ ಸಾಮಾನು ನನಗೆ ಗೊತ್ತು. ಇಪ್ಪತ್ತು ತೆಂಗಿನಕಾಯಿ, ಅಂಟಿನುಂಡೆಯ ಡಬ್ಬ, ತುಪ್ಪದ ಟಿನ್ನು, ಬಾಣಂತಿ ಲೇಹ್ಯ, ಸ್ಟೀಲ್ ಕ್ಯಾರಿಯರ್. ಡಿಕ್ಕಿ ತುಂಬಿದ ಮೇಲೆ ಉಳಿದದ್ದು ಹಿಂದಿನ ಸೀಟಿಗೂ ಗಾಜಿನ ಕೆಳಗಿನ ಹಲಗೆಗೂ ಬರುತ್ತದೆ. ಮಗುವಿಗೆ ಹೇಳಿದ ಹದಿನಾಲ್ಕು ಪಟ್ಟಿನ ಲೆಕ್ಕ ತೆಂಗಿನಕಾಯಿಗೂ ಅನ್ವಯಿಸುತ್ತದೆ. ಡಿಕ್ಕಿಯಲ್ಲಿ ಹಿಡಿಸದ ಸಾಮಾನು ಈ ಸಲ ಬರುವುದು ಬೇಡ. ಬೆಲ್ಟ್ ಹಾಕದೆ ಹಿಂದೆ ಕೂತ ದೊಡ್ಡವರೂ ಗುದ್ದಿದಾಗ ಸಾಮಾನೇ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದಾಗ. ಎಲ್ಲರ ಬೆಲ್ಟೂ ಕ್ಲಿಕ್ ಅನ್ನುವ ತನಕ ಕೀಲಿ ತಿರುಗಿಸುವುದಿಲ್ಲ ಎಂದು ಅಳಿಯಂದಿರು ಪಟ್ಟುಹಿಡಿಯಲಿ. ಬೆಲ್ಟ್ ಹಾಕದಿದ್ದರೆ ಕಾರು ಬಡಿದುಕೊಳ್ಳುವುದನ್ನು ನಿಲ್ಲಿಸಲು ಬಕಲಿಗೆ ಸಿಕ್ಕಿಸುವ ಕ್ಲಿಪ್‌ಗಳು ಆನ್‌ಲೈನಿನಲ್ಲಿ ಬಿಕರಿಯಾಗುತ್ತಿದ್ದವು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಅವನ್ನು ತೆಗೆಸಿಹಾಕಿತು. ಪ್ರಾಣ ಉಳಿಸುವ ಸದ್ದನ್ನು ದುಡ್ಡು ಕೊಟ್ಟು ಬಾಯಿ ಮುಚ್ಚಿಸುವ ಬುದ್ಧಿ ನಮ್ಮದು, ಏನು ಹೇಳಲಿ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯ, ಅಳು. ಐದು ತಿಂಗಳ ಮಗು ಕಾರಿನ ಓಲಾಟಕ್ಕೆ ನಿದ್ದೆ ಹೋಗಿಬಿಡಬಹುದು. ಒಂದೂವರೆ ವರ್ಷಕ್ಕೆ ಅದು ಬೆನ್ನು ಬಿಲ್ಲು ಮಾಡಿ, ಪಟ್ಟಿ ಹಾಕಗೊಡದೆ, ಓಣಿಯವರೆಲ್ಲ ಹೊರಬಂದು ನೋಡುವಂತೆ ಕಿರುಚುತ್ತದೆ. ಆ ಹೊತ್ತಿಗೆ ಮುಂದಿನ ಸೀಟಿನಿಂದ ಒಂದು ದನಿ, "ಅಯ್ಯೋ, ಇವತ್ತೊಂದಿನ ಬಿಡೇ, ಇಲ್ಲೇ ಜಯನಗರಕ್ಕೆ ತಾನೇ?" ಆ ಒಂದು ದಿನ ಬಿಟ್ಟೆಯೋ, ಅಳು ಎಷ್ಟು ದೊಡ್ಡದಾದರೆ ಪಟ್ಟಿ ಬಿಚ್ಚುತ್ತದೆ ಎಂಬ ಲೆಕ್ಕ ಮಗುವಿಗೆ ಸಿಕ್ಕಿಬಿಡುತ್ತದೆ. ಮಕ್ಕಳು ಆ ಲೆಕ್ಕದಲ್ಲಿ ಬಲು ಚುರುಕು, ಮೂವತ್ತು ವರ್ಷ ಕ್ಲಾಸಿನಲ್ಲಿ ನಿಂತವಳಾಗಿ ಹೇಳುತ್ತಿದ್ದೇನೆ. ಆಸ್ಪತ್ರೆಗಾಗಲಿ ಅಂಗಡಿಗಾಗಲಿ, ಸೀಟಿನಲ್ಲಿ ಕೂರದೆ ಕಾರು ಕದಲುವುದಿಲ್ಲ. ಬೈಯಬೇಡ, ಹೊಡೆಯಬೇಡ, ಲಂಚಕ್ಕೆ ಮೊಬೈಲನ್ನೂ ಕೊಡಬೇಡ. ಕಾರು ನಿಲ್ಲಿಸಿ ಸುಮ್ಮನೆ ಕೂತಿರು. ಹೊರಡುವುದು ಹತ್ತು ನಿಮಿಷ ತಡವಾಗಲಿ. ಮೊದಲ ಪಯಣದಿಂದಲೇ ಹೀಗೆ ನಡೆಸಿಕೊಂಡು ಬಂದ ಮನೆಗಳಲ್ಲಿ ಮೂರು ವರ್ಷದ ಮಕ್ಕಳೇ "ತಾತ, ಬೆಲ್ಟ್ ಹಾಕ್ಕೊಳ್ಳಿಲ್ಲ ನೀವು" ಎಂದು ತಾತನಿಗೆ ಹೇಳುವುದನ್ನು ಕೇಳಿದ್ದೇನೆ. ತಾತ ಅಮ್ಮನ ಮಾತು ಕೇಳದಿದ್ದರೂ ಮೊಮ್ಮಗಳ ಮಾತು ಕೇಳುತ್ತಾರೆ.

ದೊಡ್ಡವಳಾದ ಮೇಲೆ ಬಿಟ್ಟುಬಿಡಬಹುದು ಎಂದುಕೊಳ್ಳಬೇಡ. ಪಟ್ಟಿಯ ಸೀಟು ಚಿಕ್ಕದಾದರೆ ಬೂಸ್ಟರ್. ಮಗುವನ್ನು ನಾಲ್ಕು ಅಂಗುಲ ಎತ್ತರಿಸಿ ಕಾರಿನ ಬೆಲ್ಟನ್ನು ಸರಿಯಾದ ಜಾಗಕ್ಕೆ ತರುವುದು ಅದರ ಕೆಲಸ. ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರವಾಗುವ ತನಕ ಅದು ಬೇಕು, ಅಂದರೆ ಐದನೇ ಆರನೇ ಕ್ಲಾಸಿನವರೆಗೂ ಬೇಕಾಗಬಹುದು. ಬೆನ್ನು ಸೀಟಿಗೆ ಪೂರ್ತಿ ಒರಗಿ, ಮಂಡಿ ಸೀಟಿನ ಅಂಚಿನಲ್ಲಿ ಮಡಚಿ, ಕೆಳಗಿನ ಪಟ್ಟಿ ತೊಡೆಯ ಮೇಲೂ ಮೇಲಿನದು ಭುಜದ ನಡುವೆಯೂ ಬಂದರೆ ಮಾತ್ರ ಬೂಸ್ಟರ್ ಬಿಡಬಹುದು. ಕುತ್ತಿಗೆಗೆ ತಾಗುತ್ತದೆಂದು ಪಟ್ಟಿಯನ್ನು ಕಂಕುಳ ಕೆಳಗೆ ತೂರಿಸಿಕೊಳ್ಳುವ ಮಕ್ಕಳಿದ್ದಾರೆ, ಕಣ್ಣಿಟ್ಟಿರು. ಎರಡು ಮುಂದಿನ ಸೀಟುಗಳ ನಡುವೆ ನಿಲ್ಲುವುದು, ಡಿಕ್ಕಿಯಲ್ಲಿ ದಿಂಬು ಹಾಕಿ ನಾಲ್ಕು ಮಕ್ಕಳನ್ನು ತುಂಬುವುದು, ಇವಕ್ಕೆಲ್ಲ ನಿನ್ನ ಕಾರಿನಲ್ಲಿ ಜಾಗ ಇರದಿರಲಿ. ಸನ್‌ರೂಫಿನಿಂದ ತಲೆ ಹೊರಗೆ ಹಾಕಿ ನಿಲ್ಲಿಸುವ ಹೊಸ ಹುಚ್ಚಿನ ಬಗ್ಗೆ ಉದ್ದ ಮಾತು ಬೇಡ. ಬೆಂಗಳೂರಿನಲ್ಲೇ ಒಬ್ಬ ಹುಡುಗನ ತಲೆ ರಸ್ತೆಗೆ ಅಡ್ಡ ಹಾಕಿದ್ದ ಎತ್ತರ ತಡೆಯ ಕಂಬಿಗೆ ಬಡಿದದ್ದನ್ನು ಊರೆಲ್ಲ ವಿಡಿಯೋದಲ್ಲಿ ನೋಡಿತು.

ಕಾನೂನೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ ಹದಿನಾಲ್ಕು ತುಂಬದ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಗಾಡಿ ಓಡಿಸಿದರೆ ಸಾವಿರ ರೂಪಾಯಿ ದಂಡ. ಮಕ್ಕಳ ಸೀಟಿಗಾಗಿ ದಂಡ ಕಟ್ಟಿದವರನ್ನು ನಾನಂತೂ ಕಂಡಿಲ್ಲ. ಮಲಪ್ಪುರದ ಸಾವಿನ ನಂತರ ಕೇರಳದ ಸಾರಿಗೆ ಇಲಾಖೆ ಜಾರಿಗೆ ತರುತ್ತೇವೆಂದಿತು, ಸಚಿವರು ಈಗಲೇ ಬೇಡ ಎಂದರು. ಸ್ಕೂಟರಿಗೂ ನಿಯಮ ಬಂದಿದೆ: ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಗುವಾದರೆ ಓಡಿಸುವವರಿಗೆ ಕಟ್ಟುವ ಪಟ್ಟಿ, ಮಗುವಿಗೆ ಹೆಲ್ಮೆಟ್, ನಲವತ್ತು ಮೀರದ ವೇಗ. 2023ರ ಫೆಬ್ರವರಿಯಿಂದ ಜಾರಿ, ಬೀದಿಯಲ್ಲಿ ಕಾಣುವುದು ಅಪರೂಪ. ಪೊಲೀಸರು ಹಿಡಿಯುತ್ತಾರೆಂಬ ಭಯದಿಂದ ಈ ಕೆಲಸ ಆಗುವುದಿಲ್ಲ, ನೀನು ಮನಸ್ಸು ಮಾಡಬೇಕು. ಆಟೋದಲ್ಲಿ, ಸಿಟಿ ಬಸ್ಸಿನಲ್ಲಿ ಪಟ್ಟಿಯೇ ಇರುವುದಿಲ್ಲ, ಅಲ್ಲಿ ಮಾಡುವಂಥದ್ದೂ ಹೆಚ್ಚಿಲ್ಲ. ಕೈಯಲ್ಲಿರುವ ಕಡೆಯಾದರೂ ಬಿಡಬೇಡ. ಕ್ಯಾಬ್ ಹತ್ತುವಾಗ ಸೀಟನ್ನು ಜೊತೆಗೆ ತೆಗೆದುಕೊಂಡು ಹೋಗಬಹುದು, ಹಸುಗೂಸಿನ ಸೀಟಿಗೆ ಹಿಡಿಕೆಯೇ ಇರುತ್ತದೆ.

ಉಳಿದದ್ದು ನಮ್ಮನ್ನು ಒಪ್ಪಿಸುವ ಕೆಲಸ. ನಿಮ್ಮತ್ತೆಯ ಹತ್ತಿರ ಜಡತ್ವದ ಪಾಠ ತೆಗೆಯಬೇಡ, ಅವರಿಗೆ ಅವಮಾನವಾದೀತು. "ಡಾಕ್ಟರ್ ಹೇಳಿದ್ದಾರೆ ಅತ್ತೆ" ಎಂದರೆ ಅರ್ಧ ಕೆಲಸ ಆಗುತ್ತದೆ. ಅವರ ಸೀಟನ್ನು ಮಗುವಿನ ಪಕ್ಕಕ್ಕೇ ಇಡು. ಗಿಲಕಿ ಆಡಿಸುವುದು, ಬೆರಳು ಹಿಡಿಸುವುದು, ಲಾಲಿ ಹಾಡುವುದು ಎಲ್ಲ ಅವರದೇ ಇರಲಿ. ಅದಕ್ಕೂ ಬಗ್ಗದಿದ್ದರೆ ದೊಡ್ಡಮ್ಮ ಹಟ ಹಿಡಿದಿದ್ದಾಳೆ ಎಂದು ನನ್ನ ಮೇಲೆ ಹಾಕಿಬಿಡು. ಬೀಗಿತ್ತಿಯರ ಕೋಪ ನನಗೆ ಹೊಸದಲ್ಲ. ಮಕ್ಕಳ ಸೀಟು ಕಟ್ಟಿದರೆ ಹಿಂದೆ ಇಬ್ಬರೇ ಕೂರಬಹುದು. ನಾನೂ ನಿಮ್ಮಪ್ಪನೂ ಬಸ್ಸಿಗೆ ಬರುತ್ತೇವೆ, ಹಾಸನದಿಂದ ಬಸ್ಸಿಗೇನು ಬರವಿಲ್ಲ. ಸೀಟನ್ನು ಈ ವಾರವೇ ತರಿಸು.